ರಗ್ಬಿ ಲೀಗ್‌ನಲ್ಲಿ ರಕ್ಷಣಾ ಸಾಲು ಮತ್ತು ಅಡ್ಡಿ ನಿಯಮ

ರಗ್ಬಿ ಲೀಗ್ ಆಟದಲ್ಲಿ ಎದುರಾಳಿಯ ಮುನ್ನಡೆಯನ್ನು ತಡೆಯಲು ಮೈದಾನಕ್ಕೆ ಅಡ್ಡಲಾಗಿ ನಿಲ್ಲುವ ಆಟಗಾರರ ಪಂಕ್ತಿಯನ್ನು ರಕ್ಷಣಾ ಸಾಲು ಎನ್ನುತ್ತಾರೆ. ಚೆಂಡು ಕೈಯಲ್ಲಿಲ್ಲದ ಎದುರಾಳಿಯ ದಾರಿಗೆ ಉದ್ದೇಶಪೂರ್ವಕವಾಗಿ ಅಡ್ಡಬರುವುದನ್ನು ಈ ಆಟದಲ್ಲಿ ‘ಅಡ್ಡಿ’ ಎಂಬ ಅಪರಾಧವಾಗಿ ಪರಿಗಣಿಸಲಾಗುತ್ತದೆ. ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಚೆಂಡು ಹಿಡಿದವನನ್ನು ಮಾತ್ರ ಹಿಡಿದು ಕೆಡವಬಹುದೆಂಬುದು ರಕ್ಷಕನಿಗೆ ವಿಧಿಸಿದ ಮಿತಿ; ಹಾಗೆ ಹಿಡಿಯುವ ನ್ಯಾಯವಾದ ಅವಕಾಶವನ್ನು ಯಾರೂ ಕಸಿದುಕೊಳ್ಳಬಾರದೆಂಬುದು ಅವನಿಗೆ ದೊರೆತ ಹಕ್ಕು.

ಹಿನ್ನೆಲೆ

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ನಗರದಲ್ಲಿ ಸಭೆ ಸೇರಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ರಗ್ಬಿ ಫುಟ್‌ಬಾಲ್ ಯೂನಿಯನ್ನಿನಿಂದ ಬೇರ್ಪಟ್ಟವು. ಆಟದ ಸಲುವಾಗಿ ಕೆಲಸ ಬಿಟ್ಟು ಬರುವ ಕಾರ್ಮಿಕರಿಗೆ ಕೂಲಿಯ ನಷ್ಟವನ್ನು ತುಂಬಿಕೊಡುವ ಪ್ರಶ್ನೆ ಈ ಒಡಕಿಗೆ ಮುಖ್ಯ ಕಾರಣವಾಗಿತ್ತು. 1906ರಲ್ಲಿ ತಂಡದ ಬಲವನ್ನು 15ರಿಂದ 13ಕ್ಕೆ ಇಳಿಸಲಾಯಿತು. ಹಿಡಿಯಲ್ಪಟ್ಟ ಆಟಗಾರನು ಎದ್ದುನಿಂತು ಚೆಂಡನ್ನು ಪಾದದಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುವ ‘ಪ್ಲೇ ದ ಬಾಲ್’ ಕ್ರಮವೂ ಆಗಲೇ ಬಂದಿತು. 1966ರವರೆಗೆ ಒಂದು ತಂಡವು ಎಷ್ಟು ಬಾರಿ ಹಿಡಿಯಲ್ಪಟ್ಟರೂ ಚೆಂಡನ್ನು ಉಳಿಸಿಕೊಳ್ಳಬಹುದಿತ್ತು. ಆ ವರ್ಷ ನಾಲ್ಕು ಟ್ಯಾಕಲ್‌ಗಳ ಮಿತಿ ಜಾರಿಗೆ ಬಂದು, ಮುಂದೆ ಅದು ಆರಕ್ಕೆ ಏರಿತು. ಆರು ಟ್ಯಾಕಲ್‌ಗಳವರೆಗೆ ಸಾಲು ಕೆಡದೆ ನಿಂತರೆ ಚೆಂಡು ತಾನಾಗಿ ಕೈಸೇರುವುದರಿಂದ ರಕ್ಷಣಾ ಸಾಲಿನ ಶಿಸ್ತಿಗೆ ಮಹತ್ವ ಬಂದಿತು.

ಸಾಲಿನ ರಚನೆ

ಪ್ಲೇ ದ ಬಾಲ್ ನಡೆಯುವಾಗ ರಕ್ಷಣಾ ತಂಡದ ಇಬ್ಬರು ಮಾತ್ರ ಅದರ ಎದುರಿಗೆ, ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಬಹುದು. ಇವರನ್ನು ಮಾರ್ಕರ್‌ಗಳೆನ್ನುತ್ತಾರೆ. ಉಳಿದವರು 10 ಮೀಟರ್ ಹಿಂದೆ ಸರಿಯಬೇಕು. ಗೋಲು ರೇಖೆ ಅದಕ್ಕಿಂತ ಹತ್ತಿರದಲ್ಲಿದ್ದರೆ ಆ ರೇಖೆಯ ಮೇಲೆ ನಿಲ್ಲಬೇಕು. ಮೊದಲು 5 ಮೀಟರ್ ಇದ್ದ ಈ ಅಂತರವನ್ನು 1990ರ ದಶಕದಲ್ಲಿ ಹೆಚ್ಚಿಸಲಾಯಿತು.

ಮಾರ್ಕರ್‌ಗಳನ್ನೂ ಹಿಂಭಾಗದಲ್ಲಿ ಕಾವಲಿರುವ ಫುಲ್‌ಬ್ಯಾಕ್‌ನನ್ನೂ ಬಿಟ್ಟರೆ ಸಾಲಿನಲ್ಲಿ ಉಳಿಯುವವರು ಹತ್ತು ಜನ. ಮೈದಾನದ ಅಗಲ 68 ಮೀಟರ್. ಸಮಾನವಾಗಿ ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ ಸುಮಾರು 7 ಮೀಟರ್ ಬರುತ್ತದೆ. ಅಷ್ಟು ಜಾಗವನ್ನು ನಿಂತಲ್ಲಿಂದಲೇ ಕಾಯುವುದು ಅಸಾಧ್ಯ. ಆದುದರಿಂದ ಚೆಂಡಿನ ಬಳಿ ಸಾಲು ದಟ್ಟವಾಗಿಯೂ ಅಂಚುಗಳಲ್ಲಿ ವಿರಳವಾಗಿಯೂ ಇದ್ದು, ಚೆಂಡು ಸಾಗಿದತ್ತ ಒಟ್ಟಾಗಿ ಸರಿಯುತ್ತದೆ. ಹೀಗೆ ಪಕ್ಕಕ್ಕೆ ಸರಿಯುತ್ತ ಎದುರಾಳಿಯನ್ನು ಅಂಚಿನತ್ತ ಒತ್ತುವುದು ಒಂದು ವಿಧಾನ. ಮುನ್ನುಗ್ಗಿ ಅವರ ಸಮಯವನ್ನು ಕಿತ್ತುಕೊಳ್ಳುವುದು ಇನ್ನೊಂದು. ಎರಡರಲ್ಲಿಯೂ ಒಬ್ಬ ಆಟಗಾರ ಒಂದು ಹೆಜ್ಜೆ ತಡವಾದರೆ ಉಂಟಾಗುವ ಬಿರುಕಿನಲ್ಲಿ ಟ್ರೈ ಗಳಿಕೆಯಾಗಬಹುದು. ಒಂದು ಟ್ರೈಗೆ 4 ಅಂಕಗಳು.

ಅಡ್ಡಿ ನಿಯಮ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸಂಗಡಿಗನಿಗಾಗಿ ಎದುರಾಳಿಯನ್ನು ತಡೆದು ದಾರಿ ಮಾಡಿಕೊಡುವುದು ಆಟದ ಭಾಗವೇ ಆಗಿದೆ. ರಗ್ಬಿ ಲೀಗ್‌ನಲ್ಲಿ ಅದು ನಿಷಿದ್ಧ. ಆದರೆ ಚೆಂಡು ತನಗೇ ಬರುವುದೆಂಬ ಭ್ರಮೆ ಹುಟ್ಟಿಸುವಂತೆ ಸಾಲಿನತ್ತ ಓಡಿ, ಚೆಂಡನ್ನು ತನ್ನ ಬೆನ್ನ ಹಿಂದಿನಿಂದ ಇನ್ನೊಬ್ಬನಿಗೆ ಸಾಗಲು ಬಿಡುವ ‘ಡಿಕಾಯ್’ ಓಟಕ್ಕೆ ಅವಕಾಶವಿದೆ. ರಕ್ಷಕನನ್ನು ಮೋಸಗೊಳಿಸಬಹುದು, ತಡೆಯಕೂಡದು. ಈ ಸೂಕ್ಷ್ಮ ವ್ಯತ್ಯಾಸವೇ ಬಹುತೇಕ ವಿವಾದಗಳ ಮೂಲ.

ಚೆಂಡು ಹಿಡಿದವನು ಅಡ್ಡಿಯ ಅಪರಾಧಿಯಾಗಲಾರನೆಂದು ನಿಯಮಾವಳಿ ಹೇಳುತ್ತದೆ. ಗೋಲು ಕಂಬಗಳ ಮರೆಯನ್ನು ಸಹ ಅವನು ಬಳಸಿಕೊಳ್ಳಬಹುದು. ತಪ್ಪು ಹೊರಿಸಲಾಗುವುದು ರಕ್ಷಕನ ದಾರಿಗೆ ಅಡ್ಡಬಂದ ಸಂಗಡಿಗನ ಮೇಲೆ. ತೀರ್ಪುಗಾರರು ಸಾಮಾನ್ಯವಾಗಿ ಗಮನಿಸುವ ಅಂಶಗಳು ಇವು:

• ಡಿಕಾಯ್ ಓಟಗಾರನು ಸಾಲಿನಲ್ಲಿ ನಿಂತುಬಿಟ್ಟನೇ, ಅಥವಾ ಅದನ್ನು ದಾಟಿ ಓಡಿದನೇ?
• ಅವನು ದಾರಿ ಬದಲಿಸಿ ರಕ್ಷಕನ ಎದೆಗೆ ಅಥವಾ ಹೊರಭುಜಕ್ಕೆ ತಾಗಿದನೇ?
• ಚೆಂಡು ಪಡೆದವನು ಅವನ ಹಿಂದಿನಿಂದ ಓಡಿ ಲಾಭ ಪಡೆದನೇ?
• ರಕ್ಷಕನು ನಿಜವಾಗಿ ತಡೆಯಲ್ಪಟ್ಟನೇ, ಅಥವಾ ತಾನೇ ತಪ್ಪಾಗಿ ಊಹಿಸಿ ಡಿಕಾಯ್‌ನನ್ನು ಹಿಡಿಯಲು ಹೋದನೇ?

ಕೊನೆಯ ಪ್ರಶ್ನೆ ಅತ್ಯಂತ ಕಠಿಣವಾದುದು. ರಕ್ಷಕನ ತಪ್ಪು ನಿರ್ಧಾರಕ್ಕೆ ಆಕ್ರಮಣಕಾರರನ್ನು ದಂಡಿಸಿದರೆ ಜಾಣ್ಮೆಯ ಆಟಕ್ಕೆ ಶಿಕ್ಷೆಯಾಗುತ್ತದೆ. ಪ್ರತಿಯೊಂದು ತಾಗುವಿಕೆಯನ್ನೂ ಕ್ಷಮಿಸಿದರೆ ಸಾಲಿನ ಶಿಸ್ತಿಗೆ ಬೆಲೆಯಿಲ್ಲದಂತಾಗುತ್ತದೆ. ತಾಗಿದ ಸ್ಥಳದಂಥ ಕಣ್ಣಿಗೆ ಕಾಣುವ ಅಳತೆಗೋಲುಗಳಿಂದ ತೀರ್ಪಿನಲ್ಲಿ ಏಕರೂಪತೆ ಬರುತ್ತದೆ, ಆದರೆ ಯಾರಿಗೂ ಬಾಧಕವಾಗದ ಘಟನೆಯಲ್ಲಿಯೂ ಟ್ರೈ ರದ್ದಾಗಬಹುದು. ಆಸ್ಟ್ರೇಲಿಯದ ಎನ್‌ಆರ್‌ಎಲ್ 2016ರಲ್ಲಿ ಸಿಡ್ನಿಯಲ್ಲಿ ‘ಬಂಕರ್’ ಎಂಬ ಕೇಂದ್ರೀಕೃತ ವೀಡಿಯೊ ಪರಿಶೀಲನಾ ಕೊಠಡಿಯನ್ನು ಆರಂಭಿಸಿತು. ದೃಶ್ಯವನ್ನು ನಿಧಾನಗತಿಯಲ್ಲಿ ನೋಡಿದರೆ ತಾಗಿದ್ದು ಸ್ಪಷ್ಟವಾಗುತ್ತದೆ. ಅದರಿಂದ ರಕ್ಷಕನ ಅವಕಾಶ ತಪ್ಪಿತೇ ಎಂಬುದು ಮಾತ್ರ ವಿವೇಚನೆಗೇ ಉಳಿಯುತ್ತದೆ.

ರಕ್ಷಣಾ ತಂಡದಿಂದ ಅಡ್ಡಿ

ಈ ನಿಯಮ ಎರಡೂ ತಂಡಗಳಿಗೆ ಅನ್ವಯಿಸುತ್ತದೆ. ಚೆಂಡಿಲ್ಲದ ಆಟಗಾರನ ಅಂಗಿ ಹಿಡಿದೆಳೆಯುವುದು, ಒದ್ದ ಚೆಂಡನ್ನು ಬೆನ್ನಟ್ಟುವವನನ್ನು ತಳ್ಳುವುದು ಅಥವಾ ಅವನ ದಾರಿಗೆ ಬೇಕೆಂದೇ ಅಡ್ಡಸರಿಯುವುದು ತಪ್ಪಾಗುತ್ತದೆ.

ದಂಡನೆ

ಅಡ್ಡಿಗೆ ಎದುರಾಳಿ ತಂಡಕ್ಕೆ ಪೆನಾಲ್ಟಿ ನೀಡಲಾಗುತ್ತದೆ. ಆಕ್ರಮಣಕಾರರ ತಪ್ಪಾಗಿದ್ದರೆ ಅದರಿಂದ ದೊರೆತ ಟ್ರೈ ರದ್ದಾಗುತ್ತದೆ. ರಕ್ಷಕರು ಉದ್ದೇಶಪೂರ್ವಕವಾಗಿ ಅಡ್ಡಿಪಡಿಸಿ ಎದುರಾಳಿಯ ಗಳಿಕೆಯ ಅವಕಾಶವನ್ನು ತಪ್ಪಿಸಿದರೆ ತಪ್ಪಿತಸ್ಥನನ್ನು 10 ನಿಮಿಷ ಹೊರಗೆ ಕಳುಹಿಸಬಹುದು. ಅಡ್ಡಿಯಿಲ್ಲದಿದ್ದರೆ ಟ್ರೈ ಆಗುತ್ತಿತ್ತೆಂದು ತೀರ್ಪುಗಾರರಿಗೆ ತೋರಿದರೆ ಪೆನಾಲ್ಟಿ ಟ್ರೈ ನೀಡಬಹುದು. ಅದರ ನಂತರದ ಗೋಲು ಒದೆತವನ್ನು ಗೋಲು ಕಂಬಗಳ ನೇರ ಮುಂದಿನಿಂದ ತೆಗೆದುಕೊಳ್ಳಲಾಗುತ್ತದೆ.