ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ನಮ್ಮ ವಿದ್ಯಾರ್ಥಿವೇತನದ ನೆರವಿನಿಂದ ಬಿ.ಎ., ಬಿ.ಎಡ್. ಮುಗಿಸಿದ ಮಕ್ಕಳೂ ಅವರ ಪಾಲಕರೂ ಈಚೆಗೆ ನಮ್ಮಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಸರ್, ಹೊರದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಗಬಹುದೇ?” ಸಿಗುತ್ತದೆ. ಆದರೆ ಯಾವ ದೇಶ, ಎಂಥ ಶಾಲೆ, ಯಾವ ದಾಖಲೆ ಎಂಬುದನ್ನು ವಿಚಾರಿಸದೆ, ಮನೆಯ ಬಂಗಾರ ಅಡವಿಟ್ಟು ಏಜೆಂಟನ ಕೈಗೆ ಹಣ ಹಾಕುವ ಕುಟುಂಬಗಳೂ ನಮ್ಮ ನಡುವೆ ಇವೆ. ಅಂಥವರಿಗಾಗಿ ಈ ವರ್ಷದ ವರದಿಯಲ್ಲಿ ಈ ಮಾಹಿತಿ ಕೊಡುತ್ತಿದ್ದೇವೆ.

ಕೆಲಸದಲ್ಲಿ ಎರಡು ಬಗೆ

ಮೊದಲನೆಯದು, ಭಾರತೀಯ ಪಠ್ಯಕ್ರಮದ ಶಾಲೆಗಳ ಕೆಲಸ. ಭಾರತದ ಹೊರಗೆ ಸಿ.ಬಿ.ಎಸ್.ಇ. ಮಾನ್ಯತೆ ಪಡೆದ ಶಾಲೆಗಳು ಇನ್ನೂರಕ್ಕಿಂತ ಹೆಚ್ಚಿವೆ. ಹೆಚ್ಚಿನವು ಗಲ್ಫ್ ದೇಶಗಳಲ್ಲೇ ಇವೆ. ಅಲ್ಲಿನ ಮಕ್ಕಳು ಬಹುಪಾಲು ನಮ್ಮವರೇ. ಪಾಠ, ಪರೀಕ್ಷೆ, ನೋಟ್ಸ್ ತಿದ್ದುವುದು ಎಲ್ಲವೂ ಇಲ್ಲಿನ ಹಾಗೆಯೇ. ಇಂಗ್ಲಿಷ್‌ನಲ್ಲಿ ಪದವಿ, ಬಿ.ಎಡ್. ಮತ್ತು ಒಂದೆರಡು ವರ್ಷದ ಅನುಭವ ಇದ್ದವರಿಗೆ ಇದು ಹತ್ತಿರದ ದಾರಿ.

ಎರಡನೆಯದು, ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಕೆಲಸ. ವಿಯೆಟ್ನಾಂ, ಥಾಯ್ಲೆಂಡ್‌ಗಳ ಭಾಷಾ ಕೇಂದ್ರಗಳು, ಅರಬ್ ದೇಶಗಳ ಕಾಲೇಜುಗಳ ಪೂರ್ವಸಿದ್ಧತಾ ತರಗತಿಗಳು ಈ ಸಾಲಿಗೆ ಸೇರುತ್ತವೆ. ಇಲ್ಲೊಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಲವು ದೇಶಗಳು ಅಮೆರಿಕ, ಇಂಗ್ಲೆಂಡ್, ಕೆನಡಾದಂಥ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೇ ಮೊದಲ ಮಣೆ ಹಾಕುತ್ತವೆ. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಸಾಮಾನ್ಯವಾಗಿ ಏಳು ದೇಶದವರಿಗೆ ಮೀಸಲು. ಆ ಏಳರಲ್ಲಿ ಭಾರತ ಇಲ್ಲ. ಇದರಲ್ಲಿ ನಿಮ್ಮ ಯೋಗ್ಯತೆಯ ಕೊರತೆ ಏನೂ ಇಲ್ಲ. ಆದರೆ “ಯಾವ ದೇಶವಾದರೂ ಸರಿ, ಕಳಿಸಿಕೊಡುತ್ತೇವೆ” ಎನ್ನುವವರ ಮಾತನ್ನು ನಂಬಬಾರದು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಕಲಿಸುವ ರೀತಿಯೇ ಬೇರೆ

ನಾವು ಇಲ್ಲಿ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ವಿವರಿಸಿ ಕಲಿಸುತ್ತೇವೆ. ಅಲ್ಲಿ ಮಕ್ಕಳ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ಚಿತ್ರ, ಅಭಿನಯ, ಆಟ, ಜೋಡಿ ಸಂಭಾಷಣೆಗಳಿಂದಲೇ ಅರ್ಥ ಮೂಡಿಸಬೇಕು. ವ್ಯಾಕರಣದ ಸೂತ್ರ ಬಾಯಿಪಾಠ ಬಂದರೆ ಸಾಲದು. ಕಲಿಯುವವರ ತಪ್ಪು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದಿರಬೇಕು. ಅರಬಿಯಲ್ಲಿ ‘ಪ’ ಧ್ವನಿ ಇಲ್ಲ; ಆದ್ದರಿಂದ ‘ಪಾರ್ಕಿಂಗ್’ ಹೋಗಿ ‘ಬಾರ್ಕಿಂಗ್’ ಆಗುತ್ತದೆ. ವಿಯೆಟ್ನಾಂ ಮಕ್ಕಳು ಪದದ ಕೊನೆಯ ವ್ಯಂಜನವನ್ನು ನುಂಗಿಬಿಡುತ್ತಾರೆ. ಅರಬಿ ವಾಕ್ಯದಲ್ಲಿ ವರ್ತಮಾನಕ್ಕೆ ‘ಈಸ್’ ಬೇಕಿಲ್ಲ. ಹಾಗಾಗಿ ‘ಹೀ ಟೀಚರ್’ ಎಂದು ಬರೆಯುತ್ತಾರೆ.

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತವರಿಗೆ ಅರಬಿ ಮಾತಾಡಲು ಬರುತ್ತದೆ ಎಂದಲ್ಲ. ಆದರೆ ಬಲದಿಂದ ಎಡಕ್ಕೆ ಬರೆಯುವ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದೆ ಬಿಡುವ ಲಿಪಿಯ ಪರಿಚಯ ಅವರಿಗಿದೆ. ಅರಬ್ ಮಗು ಇಂಗ್ಲಿಷ್ ಪದದಲ್ಲಿ ಸ್ವರಾಕ್ಷರವನ್ನು ಏಕೆ ಬಿಡುತ್ತದೆ ಎಂಬುದು ಅಂಥ ಶಿಕ್ಷಕರಿಗೆ ಬೇಗ ಹೊಳೆಯುತ್ತದೆ.

ಈ ಬಗೆಯ ಬೋಧನೆಗೆ ಜಗತ್ತಿನಲ್ಲಿ ಹೆಚ್ಚು ಮನ್ನಣೆ ಇರುವ ತರಬೇತಿಗಳು ಕೇಂಬ್ರಿಜ್‌ನ ‘ಸೆಲ್ಟಾ’ ಮತ್ತು ಟ್ರಿನಿಟಿಯ ‘ಸರ್ಟ್ ಟೆಸಾಲ್’. ಸೆಲ್ಟಾದಲ್ಲಿ ಸುಮಾರು 120 ಗಂಟೆಯ ಕಲಿಕೆಯ ಜೊತೆಗೆ, ನಿಜವಾದ ವಿದ್ಯಾರ್ಥಿಗಳ ಮುಂದೆ, ಪರಿವೀಕ್ಷಕರ ಎದುರಿನಲ್ಲಿ 6 ಗಂಟೆ ಪಾಠ ಮಾಡಲೇಬೇಕು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಹಲವು ಸರ್ಟಿಫಿಕೇಟ್‌ಗಳ ಮೇಲೂ ‘120 ಗಂಟೆ’ ಎಂದೇ ಇರುತ್ತದೆ. ಅದರಲ್ಲಿ ತರಗತಿ ಬೋಧನೆ ಇದೆಯೇ ಎಂದು ಕೇಳಿ. ಇಲ್ಲವಾದರೆ ಅದಕ್ಕೆ ಬೆಲೆ ಕಡಿಮೆ.

ಹೆಸರು ಮತ್ತು ದಾಖಲೆ

ನಮ್ಮ ಮನೆಗಳಲ್ಲಿ ಹೆಚ್ಚು ತೊಂದರೆ ಆಗುವುದು ಹೆಸರಿನಲ್ಲಿ. ‘ಮೊಹಮ್ಮದ್’ ಎಂಬುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಬಗೆ, ಪದವಿ ಪತ್ರದಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಬಗೆಯ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಹೆಣ್ಣುಮಕ್ಕಳಿಗೆ ಎಷ್ಟೋ ಕಡೆ ಒಂದೇ ಪದದ ಹೆಸರು. 2022ರ ನವೆಂಬರ್‌ನಿಂದ ಯು.ಎ.ಇ. ಒಂದೇ ಪದದ ಹೆಸರುಳ್ಳವರ ಸಂದರ್ಶಕ ವೀಸಾಕ್ಕೆ ತಡೆ ಹಾಕಿದೆ. ಆದ್ದರಿಂದ ಕೆಲಸ ಹುಡುಕುವ ಮೊದಲೇ, ಓದುತ್ತಿರುವಾಗಲೇ, ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ತೆರನಾಗಿ ಇರುವಂತೆ ಸರಿಪಡಿಸಿಕೊಳ್ಳಿ.

ಆಮೇಲೆ ದೃಢೀಕರಣ. ಪದವಿ ಪತ್ರವನ್ನು ಮೊದಲು ರಾಜ್ಯ ಸರ್ಕಾರದಲ್ಲಿ, ನಂತರ ವಿದೇಶಾಂಗ ಸಚಿವಾಲಯದಲ್ಲಿ ದೃಢೀಕರಿಸಬೇಕು. ಸೌದಿ ಅರೇಬಿಯಾ, ಒಮಾನ್, ಬಹರೈನ್‌ಗೆ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆ ನಡೆಯುತ್ತದೆ. ಯು.ಎ.ಇ.ಗೆ ಸಚಿವಾಲಯದ ಬಳಿಕ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಪೊಸ್ಟಿಲ್‌ನ ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ ಕೇವಲ 50 ರೂಪಾಯಿ. ಉಳಿದದ್ದು ಮಧ್ಯದವರ ಸೇವಾ ಶುಲ್ಕ. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಅರ್ಜಿ ಹಾಕಬಹುದು.

ಪದವೀಧರರೇ ಹೆಚ್ಚು ಎಚ್ಚರ ವಹಿಸಬೇಕು

ಹತ್ತನೇ ತರಗತಿ ಪಾಸಾಗದವರು ಗಲ್ಫ್ ಮುಂತಾದ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಹಂತದಲ್ಲಿ ಅವರ ಕೆಲಸದ ಒಪ್ಪಂದವನ್ನು ಸರ್ಕಾರ ಒಮ್ಮೆ ನೋಡುತ್ತದೆ. ಪದವೀಧರರಿಗೆ ಈ ಅನುಮತಿ ಬೇಕಿಲ್ಲ. ಇದು ಸೌಲಭ್ಯವೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಇದರ ಅರ್ಥ, ನಿಮ್ಮ ಒಪ್ಪಂದವನ್ನು ನಿಮಗಾಗಿ ಓದಿ ನೋಡುವವರು ಯಾರೂ ಇಲ್ಲ ಎಂಬುದೇ. ನೀವೇ ಓದಬೇಕು.

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಆಳು ಕಳಿಸುವ ಏಜೆಂಟರಿಗೆ ಪರವಾನಗಿ ಕಡ್ಡಾಯ. ಪರವಾನಗಿ ಪಡೆದವರ ಪಟ್ಟಿ ಸರ್ಕಾರದ ‘ಇ-ಮೈಗ್ರೇಟ್’ ಜಾಲತಾಣದಲ್ಲಿದೆ. ಅವರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯುವಂತಿಲ್ಲ. ಕೊಟ್ಟ ಹಣಕ್ಕೆ ರಸೀದಿ ಕೊಡಬೇಕು. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಯು.ಎ.ಇ.ಯ 2021ರ ಕಾರ್ಮಿಕ ಕಾನೂನಿನಲ್ಲಂತೂ ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದಕ್ಕೂ, ನೌಕರನ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದಕ್ಕೂ ನಿಷೇಧವಿದೆ.

ಒಪ್ಪಂದದಲ್ಲಿ ಒಟ್ಟು ಸಂಬಳದ ಅಂಕಿಯನ್ನಷ್ಟೇ ನೋಡಿ ಹಿಗ್ಗಬೇಡಿ. ಮೂಲ ವೇತನ ಎಷ್ಟು ಎಂದು ನೋಡಿ. ಯು.ಎ.ಇ.ಯಲ್ಲಿ ಒಂದು ವರ್ಷ ಸೇವೆ ಮುಗಿಸಿದವರಿಗೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಮೂಲ ವೇತನದಂತೆ ಗ್ರಾಚುಯಿಟಿ ಸಿಗುತ್ತದೆ. ಮೂಲ ವೇತನ ಕಡಿಮೆ ತೋರಿಸಿ ಭತ್ಯೆ ಹೆಚ್ಚಿಸಿದರೆ ಕೊನೆಗೆ ನಷ್ಟ ನಿಮಗೇ. ಬೇಸಿಗೆ ರಜೆಯ ಸಂಬಳ, ಮನೆ ಬಾಡಿಗೆ, ವಿಮಾನದ ಟಿಕೆಟ್, ಆರೋಗ್ಯ ವಿಮೆ, ವಾರಕ್ಕೆ ಎಷ್ಟು ಪೀರಿಯಡ್ ಎಂಬುದೆಲ್ಲ ಬರಹದಲ್ಲಿರಲಿ. ಗಂಡನ ವೀಸಾದಲ್ಲಿ ಅಲ್ಲಿ ನೆಲೆಸಿರುವ ಹೆಣ್ಣುಮಕ್ಕಳೂ ವರ್ಕ್ ಪರ್ಮಿಟ್ ಇಲ್ಲದೆ ಶಾಲೆಗೆ ಸೇರಬಾರದು.

“ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಿಸೋಣ” ಎಂಬ ಮಾತಿಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ಭಾರತೀಯ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದನ್ನು 2022ರಿಂದ ನಾವು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಶಿಕ್ಷಕರ ಕೆಲಸದ ಹೆಸರಿನಲ್ಲೂ ಅದೇ ಬಲೆ ಬೀಸಲು ಕಷ್ಟವಿಲ್ಲ. ಹೊರದೇಶದಲ್ಲಿ ತೊಂದರೆಯಾದರೆ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಿ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಮನೆಯವರೂ ಇಲ್ಲಿಂದಲೇ ದೂರು ದಾಖಲಿಸಬಹುದು.

ಪಾಲಕರಲ್ಲಿ ನಮ್ಮ ವಿನಂತಿ

ಏಜೆಂಟನಿಗಾಗಿ ಕೂಡಿಟ್ಟ ಹಣವನ್ನು ಮಗನ ಅಥವಾ ಮಗಳ ತರಬೇತಿಗೆ ಹಾಕಿ. ಬಿ.ಎಡ್. ಮುಗಿದ ಮೇಲೆ ಊರಿನ ಶಾಲೆಯೊಂದರಲ್ಲಿ ಎರಡು ವರ್ಷ ದುಡಿಯಲಿ, ಅನುಭವ ಪತ್ರ ಪಡೆಯಲಿ. ಹೊರದೇಶದ ಕೆಲಸ ಕೈಗೂಡದಿದ್ದರೂ ಆ ವಿದ್ಯೆ ಕೈಬಿಡದು. ಏಜೆಂಟನಿಗೆ ಕೊಟ್ಟ ಹಣ ಮರಳಿ ಬಾರದು.

ಬಿ.ಎಡ್. ವಿದ್ಯಾರ್ಥಿವೇತನದ ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ಹೊರದೇಶದಿಂದ ನೇಮಕದ ಪತ್ರ ಬಂದವರು ಸಹಿ ಹಾಕುವ ಮೊದಲು, ಹಣ ಕೊಡುವ ಮೊದಲು, ಅದನ್ನು ಟ್ರಸ್ಟ್ ಕಚೇರಿಗೆ ತನ್ನಿ. ನಾವು ನಿಮ್ಮ ಜೊತೆ ಕುಳಿತು ಸಾಲು ಸಾಲಾಗಿ ಓದುತ್ತೇವೆ, ಇನ್‌ಶಾ ಅಲ್ಲಾಹ್. ಇದಕ್ಕೆ ಯಾವ ಶುಲ್ಕವೂ ಇಲ್ಲ.