ಗೋಗಿ ಯುರೇನಿಯಂ: ಬೋರ್ ಹೊಡೆದ್ರೆ ಗಣಿ ಬಂದಂಗಲ್ಲ, ಬಾವಿ ನೀರು ಮಾತ್ರ ಈಗಲೇ ನೋಡಿಸ್ರಿ

ಶಹಾಪುರ: ಚಹಾದಂಗಡಿಯಾಗ ಗೋಗಿ ಸುದ್ದಿ ಬಂತಂದ್ರೆ ಎರಡೇ ಪ್ರಶ್ನೆ. ‘ಗಣಿ ಯಾವಾಗ ಶುರು ಆಗ್ತದ?’ ‘ಅಲ್ಲಿ ನೀರು ಕುಡೀಬಹುದಾ?’ ಮೊದಲನೇದರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಅವಸರದ್ದು ಎರಡನೇದು.

ಗಣಿ ನಮ್ಮ ಭಾಗಕ್ಕೆ ಹೊಸದಲ್ಲ. ಹೊಳಿ ಆಚೆ ಹಟ್ಟಿಯಲ್ಲಿ ಬ್ರಿಟಿಷರಿಗಿಂತ ಎಷ್ಟೋ ಮೊದಲೇ ಬಂಗಾರ ತೆಗೆದ ಗುರುತುಗಳಿವೆ. ನಮ್ಮ ಅಂಗಡಿಗಳ ನೆಲದ ಶಹಾಬಾದ್ ಫರಸಿ, ವಾಡಿ ಸಿಮೆಂಟಿನ ಸುಣ್ಣದಕಲ್ಲು ಎರಡೂ ಭೀಮಾ ಕಣಿವೆಯ ಕಲ್ಲುಗಳೇ. ಆ ಸುಣ್ಣದಕಲ್ಲು, ಅದರ ಕೆಳಗಿನ ಗ್ರಾನೈಟ್ ಸೀಳಿದ ಜಾಗದಾಗ ಗೋಗಿಯ ಯುರೇನಿಯಂ ಕೂತಿದೆ. (ನಿಮ್ಮ ಮನೆ ಫರಸಿಗೆ ಹೆದರಬ್ಯಾಡ್ರಿ, ಅದು ಸೀಳಿನ ಕಲ್ಲಲ್ಲ.)

1990ರ ದಶಕದಲ್ಲಿ ಇದನ್ನು ಪತ್ತೆ ಹಚ್ಚಿದ್ದು ಹೈದರಾಬಾದಿನ ಪರಮಾಣು ಖನಿಜ ನಿರ್ದೇಶನಾಲಯ. ಇಂಥ ಹುಡುಕಾಟದಾಗ ಮೊದಲು ವಿಕಿರಣ ಅಳೆಯೋ ಯಂತ್ರ ಹಿಡ್ಕೊಂಡು ನಡೀತಾರೆ, ಬಾವಿಗಳ ನೀರಿನ ಸ್ಯಾಂಪಲ್ ತಗೋತಾರೆ. ಸುಳಿವು ಸಿಕ್ಕರೆ ಬೋರ್. ನೀರಿನ ಬೋರಿನಂತೆ ಕಲ್ಲು ಪುಡಿ ಮಾಡಲ್ಲ, ಉದ್ದನೆ ಕಲ್ಲಿನ ಕೋಲು ಹೊರಗೆ ತೆಗೀತಾರೆ. ಆಮೇಲೆ ತೂತಿನೊಳಗೆ ಅಳತೆ ಯಂತ್ರ ಇಳಿಸಿ ಯಾವ ಆಳದಾಗ ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ನೂರಾರು ಬೋರ್ ಹೊಡೆದ ಮೇಲೂ ಗಣಿ ಬರಲೇಬೇಕಂತಿಲ್ಲ. ಗೋಗಿಯಲ್ಲಿ ಪರೀಕ್ಷಾರ್ಥ ಶಾಫ್ಟ್ ತೋಡುವ ಮಟ್ಟಕ್ಕೂ ಕೆಲಸ ಹೋಗಿತ್ತು, ಊರಿನವರ ವಿರೋಧವೂ ಬಂತು.

ಬೋರಿಗಿಂತ ದೊಡ್ಡ ಚಿಂತೆ ಬೇರೆ ಇದೆ. ಗೋಗಿ ಅದಿರು ಜಾರ್ಖಂಡಿನ ಜಾದುಗೂಡದ ಅದಿರಿಗಿಂತ ಗಟ್ಟಿ ಅಂತಾರೆ. ಅಂದ್ರೂ ಒಂದು ಟನ್ ಕಲ್ಲು ಒಡೆದ್ರೆ ಸಿಗೋದು ಒಂದೆರಡು ಕೆಜಿ. ಉಳಿದದ್ದೆಲ್ಲ ಪುಡಿ, ಕೆಸರು. ಯುರೇನಿಯಂ ಹೋದ ಮೇಲೂ ರೇಡಿಯಂ ಅದರಲ್ಲೇ ಇರ್ತದೆ, ವಿಕಿರಣದ ಬಹುಪಾಲು ಹಿಂದೆ ಉಳೀತದೆ. ತಾಮ್ರದ ಗಣಿಗೆ ಹಳೇ ಹೆಸರಾದ ಸಿಂಗಭೂಮ್‌ದಾಗ 1951ರಲ್ಲಿ ಯುರೇನಿಯಂ ಸಿಕ್ಕು, 1967ರಿಂದ ಜಾದುಗೂಡ ಗಣಿ ನಡೆದಿದೆ. ಅಲ್ಲಿಯ ಜನರ ತಕರಾರು ಬಹಳಷ್ಟು ಈ ಕೆಸರಿನ ಹೊಂಡಗಳ ಮೇಲೆಯೇ. ಗೋಗಿಗೆ ಬಂದವರನ್ನು ಮೊದಲು ಕೇಳಬೇಕಾದ್ದೂ ಇದನ್ನೇ: ಕೆಸರು ಎಲ್ಲಿ ಹಾಕ್ತೀರಿ?

ಆದ್ರ ಕೇಳೋ ವೇದಿಕೆಯೇ ಈಗ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜದ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ನನ್ನ ಪ್ರಕಾರ ಚಹಾದಂಗಡಿಯಾಗ ಚರ್ಚೆ ಆಗಬೇಕಾದ್ದು ಇದು.

ಇನ್ನು ನೀರು. ಗಣಿ ಇಲ್ಲದಿದ್ರೂ ಕಲ್ಲಿನಿಂದ ಯುರೇನಿಯಂ ನೀರಿಗೆ ಇಳೀತದೆ. ಗೋಗಿ ಸುತ್ತಲಿನ ಕೆಲವು ಬಾವಿಗಳಲ್ಲಿ ಸಂಶೋಧಕರಿಗೆ ಮಿತಿ ಮೀರಿದ ಪ್ರಮಾಣ ಸಿಕ್ಕಿದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಹೆಚ್ಚಾದ್ರೆ ಮೊದಲ ಪೆಟ್ಟು ಕಿಡ್ನಿಗೆ. ಬಣ್ಣ, ರುಚಿ, ವಾಸನೆಯಿಂದ ತಿಳಿಯಲ್ಲ. ಕಾಸಿದ್ರೂ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ದಟ್ಟ ಆಗ್ತದೆ. ಆರ್‌ಒ ಯಂತ್ರ ಸರಿಯಿದ್ರೆ ಬಹುಪಾಲು ತೆಗೀತದೆ, ಫಿಲ್ಟರ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಘಟಕಕ್ಕೆ ಆ ಮಾತು ಹೇಳಕ್ಕಾಗಲ್ಲ.

ಪಂಚಾಯ್ತಿಯವರು ನೀರು ಪರೀಕ್ಷೆಗೆ ಕಳಿಸಿದಾಗ ಸಾಮಾನ್ಯವಾಗಿ ಫ್ಲೋರೈಡ್, ನೈಟ್ರೇಟ್ ನೋಡಿ ಮುಗಿಸ್ತಾರೆ. ಅರ್ಜಿಯಲ್ಲಿ ‘ಯುರೇನಿಯಂ ಸಹ’ ಅಂತ ಬರೀರಿ, ಬಾವಿ ಎಲ್ಲಿದೆ ಅಂತ ನಮೂದಿಸಿ, ಸ್ವೀಕೃತಿ ತಗೊಂಡೇ ಬರ್ರಿ.