ಕೋಲಾರದ ಪಾತಾಳದಲ್ಲಿ ಸಿಕ್ಕ ಆಕಾಶದ ಕಣ

ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಯಾನ್ ಬರಲಿಲ್ಲ. ಅದೇ ದೊಡ್ಡ ಸುದ್ದಿಯಾಯಿತು!

ಜಾಗ, ಕೋಲಾರದ ಚಿನ್ನದ ಗಣಿಯಲ್ಲಿ ನೆಲದಿಂದ 2,760 ಮೀಟರ್ ಆಳ. ಕಾಲ, 1960ರ ದಶಕದ ಮೊದಲ ವರ್ಷಗಳು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಆ ಕತ್ತಲಲ್ಲಿ, ಆ ಸೆಕೆಯಲ್ಲಿ ಉಪಕರಣ ಇಟ್ಟುಕೊಂಡು ಕಾಯುತ್ತಿದ್ದರು. ಬಾಹ್ಯಾಕಾಶದಿಂದ ಧಾವಿಸಿ ಬರುವ ವಿಶ್ವಕಿರಣಗಳು ನಮ್ಮ ವಾತಾವರಣಕ್ಕೆ ಅಪ್ಪಳಿಸಿದಾಗ ಹುಟ್ಟುವ ಕಣಗಳಲ್ಲಿ ಮ್ಯೂಯಾನ್ ಒಂದು. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಸುಮಾರು ಒಂದರಂತೆ ಅದು ಹಾದುಹೋಗುತ್ತದೆ. ಹಗಲೆನ್ನದೆ ಇರುಳೆನ್ನದೆ, ಮನೆಯ ತಾರಸಿಯನ್ನೂ ಲೆಕ್ಕಿಸದೆ ಸುರಿಯುವ ಮಳೆ ಅದು. ಅಂಥ ಮಳೆ ಇಲ್ಲಿ ಪೂರ್ತಿ ನಿಂತಿತ್ತು!

ಈ ಹುಡುಕಾಟ ಶುರುವಾದದ್ದು 1951ರಲ್ಲಿ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆಗಿನ್ನೂ ತರುಣ ವಿಜ್ಞಾನಿ. ನೆಲದಾಳದಲ್ಲಿ ಮ್ಯೂಯಾನ್‌ಗಳನ್ನು ಅಳೆದು ಬನ್ನಿ ಎಂದು ಶ್ರೀಕಂಠನ್ ಅವರನ್ನು ಹೋಮಿ ಭಾಭಾ ಕೋಲಾರಕ್ಕೆ ಕಳಿಸಿದರು. ಆಗ ಅದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಕೇಜಿನಲ್ಲಿ ಗಣಿ ಕಾರ್ಮಿಕರ ಪಕ್ಕದಲ್ಲೇ ನಿಂತು ವಿಜ್ಞಾನಿಗಳೂ ಇಳಿದರು. ಅವರು ಚಿನ್ನದ ಅದಿರಿಗಾಗಿ, ಇವರು ಬ್ರಹ್ಮಾಂಡದ ಸುಳಿವಿಗಾಗಿ. ಆಳಕ್ಕೆ ಹೋದಷ್ಟೂ ಮ್ಯೂಯಾನ್ ವಿರಳವಾಗುತ್ತ ಬಂತು, ಕೊನೆಗೆ ಇಲ್ಲವೇ ಇಲ್ಲವಾಯಿತು.

ಇಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿತೆಂದು ಯಾಕಷ್ಟು ಸಂಭ್ರಮ? ನ್ಯೂಟ್ರಿನೋಗಾಗಿ!

1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಬರೀ ಲೆಕ್ಕದ ಬಲದ ಮೇಲೆ ಊಹಿಸಿದ ಕಣ ಇದು. ವಿದ್ಯುದಂಶವಿಲ್ಲ, ತೂಕ ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಪ್ರತಿ ಸೆಕೆಂಡಿಗೆ ಸೂರ್ಯನ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ತೂರಿಹೋಗುತ್ತಿವೆ. ರಾತ್ರಿಯಾದರೂ ನಿಲ್ಲುವುದಿಲ್ಲ; ಸೂರ್ಯ ಭೂಮಿಯ ಆಚೆ ಬದಿಗೆ ಸರಿದಿರುವಾಗ ಅವು ಇಡೀ ಭೂಮಿಯನ್ನು ತೂರಿಕೊಂಡು ಹಾಸಿಗೆಯ ಕೆಳಗಿನಿಂದ ಬರುತ್ತವೆ! ಯಾವುದನ್ನೂ ಮುಟ್ಟದೆ ಹೋಗುವ ಇಂಥ ಕಣವನ್ನು ಹಿಡಿಯುವುದಾದರೂ ಹೇಗೆ? 1956ರಲ್ಲಿ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅಮೆರಿಕದ ಪರಮಾಣು ರಿಯಾಕ್ಟರ್ ಒಂದರ ಪಕ್ಕದಲ್ಲಿ ಅದರ ಗುರುತು ಹಿಡಿದರು. ಆದರೆ ಅದು ಮನುಷ್ಯನ ಯಂತ್ರದಲ್ಲಿ ಹುಟ್ಟಿದ್ದು. ನಿಸರ್ಗವೇ ಹುಟ್ಟಿಸಿದ ನ್ಯೂಟ್ರಿನೋವನ್ನು ಇನ್ನೂ ಯಾರೂ ಕಂಡಿರಲಿಲ್ಲ.

ಕೋಲಾರದ ಬಂಡೆಯೇ ಇಲ್ಲಿ ಜರಡಿ. ಮ್ಯೂಯಾನ್‌ಗಳೆಲ್ಲ ಮೇಲೆಯೇ ಉಳಿಯುತ್ತವೆ, ನ್ಯೂಟ್ರಿನೋ ಮಾತ್ರ ಕೆಳಗಿಳಿಯುತ್ತದೆ. ಟಾಟಾ ಸಂಸ್ಥೆಯವರ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರೂ ಕೈಜೋಡಿಸಿದರು. ಎಂ.ಜಿ.ಕೆ. ಮೆನನ್, ಸಬುರೊ ಮಿಯಾಕೆ, ಆರ್ನಲ್ಡ್ ವುಲ್ಫೆಂಡೇಲ್ ಅವರಂಥ ಘಟಾನುಘಟಿಗಳು. ಹೀತ್‌ಕೋಟ್ ಶಾಫ್ಟಿನಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಹಾಳೆಗಳನ್ನೂ ನಿಯಾನ್ ಕೊಳವೆಗಳನ್ನೂ ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರು.

ನೆಟ್ಟಗೆ ನಿಲ್ಲಿಸಿದ್ದರಲ್ಲೇ ಇದೆ ಜಾಣ್ಮೆ. ಆಕಾಶದ ಮ್ಯೂಯಾನ್ ಇಷ್ಟು ಆಳಕ್ಕೆ ಅಪರೂಪಕ್ಕೆ ತಲುಪಿದರೂ ಮೇಲಿನಿಂದ ಕೆಳಕ್ಕೇ ಬರಬೇಕು. ಅಡ್ಡಡ್ಡ ಬರಬೇಕೆಂದರೆ ಎಷ್ಟೋ ಪಟ್ಟು ಹೆಚ್ಚು ಬಂಡೆಯನ್ನು ಕೊರೆಯಬೇಕು. ಅದು ಅದರಿಂದ ಆಗದ ಕೆಲಸ. ಹಾಗಿದ್ದೂ ಒಂದು ಮ್ಯೂಯಾನ್ ಅಡ್ಡಲಾಗಿ ಹಾದುಹೋಯಿತೆನ್ನಿ. ಅದು ಆಕಾಶದಲ್ಲಿ ಹುಟ್ಟಿದ್ದಲ್ಲ, ಪಕ್ಕದ ಬಂಡೆಯೊಳಗೇ ಆಗಷ್ಟೇ ಹುಟ್ಟಿದ್ದು, ಹುಟ್ಟಿಸಿದ್ದು ಎಲ್ಲಿಂದಲೋ ತೂರಿಬಂದ ನ್ಯೂಟ್ರಿನೋ!

1965ರಲ್ಲಿ ಅಂಥ ಅಡ್ಡಗೆರೆ ಮೂಡಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಕರ್ನಾಟಕದ ಬಂಡೆಯೊಳಗೆ ಸಿಕ್ಕಿಬಿದ್ದಿತ್ತು! ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ಅದೇ ರೈನ್ಸ್ ಅವರ ತಂಡವೂ ಬೆನ್ನುಹತ್ತಿತ್ತು. ಗುರುತು ಮೊದಲು ಸಿಕ್ಕಿದ್ದು ಅವರಿಗೆ, ಫೆಬ್ರವರಿಯಲ್ಲಿ. ಲೇಖನ ಮೊದಲು ಅಚ್ಚಾದದ್ದು ಕೋಲಾರದವರದು, ಆಗಸ್ಟ್‌ನಲ್ಲಿ, ಎರಡು ವಾರ ಮುಂಚೆ. ಎರಡು ಖಂಡಗಳು, ಎರಡು ಚಿನ್ನದ ಗಣಿಗಳು, ಒಂದೇ ವರ್ಷ. ಗೆಲುವನ್ನು ಇಬ್ಬರಿಗೂ ಸಮನಾಗಿ ಹಂಚುವುದೇ ಸರಿ ಎಂದು ನನಗನ್ನಿಸುತ್ತದೆ.

ಮುಂದೆ ನಡೆದದ್ದು ಇನ್ನೂ ರೋಚಕ. 1970ರ ದಶಕದಲ್ಲಿ ಕೋಲಾರದ ಉಪಕರಣಗಳು ವಿಚಿತ್ರವಾದ ಕೆಲವು ಗುರುತುಗಳನ್ನು ದಾಖಲಿಸಿದವು. ಕಣಗಳ ಜಾಡುಗಳನ್ನು ಹಿಂದಕ್ಕೆ ಎಳೆದು ನೋಡಿದರೆ ಅವು ಕೂಡುತ್ತಿದ್ದದ್ದು ಬಂಡೆಯಲ್ಲಲ್ಲ, ಸುರಂಗದ ಖಾಲಿ ಗಾಳಿಯಲ್ಲಿ! ಯಾವುದೋ ಅಪರಿಚಿತ ಭಾರವಾದ ಕಣ ಅಲ್ಲಿ ಒಡೆದು ಚೂರಾಯಿತೇ? ಭೌತವಿಜ್ಞಾನಿಗಳು ಇವನ್ನು ‘ಕೋಲಾರ್ ಇವೆಂಟ್ಸ್’ ಎಂದೇ ಕರೆಯುತ್ತಾರೆ. ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ.

1980ರಲ್ಲಿ ಇನ್ನೂ ದೊಡ್ಡ ಪ್ರಶ್ನೆ ಗಣಿಗಿಳಿಯಿತು. ಪ್ರೋಟಾನ್ ಸಾಯುತ್ತದೆಯೇ? ಕಲ್ಲು, ನೀರು, ನಾವು, ನಕ್ಷತ್ರ, ಎಲ್ಲದರೊಳಗೂ ಇರುವ ಪ್ರೋಟಾನ್ ಎಂದಾದರೂ ತಾನಾಗಿ ಒಡೆಯುವುದಾದರೆ ದ್ರವ್ಯವೆಂಬುದೇ ಶಾಶ್ವತವಲ್ಲ! ಸುಮಾರು 140 ಟನ್ ತೂಕದ ಕಬ್ಬಿಣದ ತಟ್ಟೆಗಳ ನಡುವೆ ಕಣ ಎಣಿಸುವ ಕೊಳವೆಗಳನ್ನು ಪೇರಿಸಿ ಕಾದರು. ಕೆಲವು ಗುರುತುಗಳು ಆಸೆ ಹುಟ್ಟಿಸಿದವು, ಆದರೆ ಬೇರೆಡೆಯ ದೊಡ್ಡ ಉಪಕರಣಗಳಿಗೆ ಅವು ಕಾಣಲಿಲ್ಲ. ಪ್ರೋಟಾನಿಗೆ ಆಯಸ್ಸೆಂಬುದು ಇದ್ದರೆ ಅದು ಒಂದರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಕ್ಕಿಂತ ಹೆಚ್ಚು ಎಂಬುದು ಇಂದಿನ ಲೆಕ್ಕ. ಬ್ರಹ್ಮಾಂಡದ ವಯಸ್ಸೇ 1,380 ಕೋಟಿ ವರ್ಷ, ಅಷ್ಟೇ!

ಪ್ರೋಟಾನ್ ಸಾವಿಗಾಗಿಯೇ ಜಪಾನಿನಲ್ಲಿ ಕಟ್ಟಿದ ಕಮಿಯೊಕಾಂಡೆ ಎಂಬ ನೀರಿನ ತೊಟ್ಟಿ 1987ರ ಫೆಬ್ರವರಿಯಲ್ಲಿ ಬೇರೊಂದನ್ನೇ ಕಂಡಿತು. ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ ಸ್ಫೋಟಿಸಿದ ನಕ್ಷತ್ರದ ನ್ಯೂಟ್ರಿನೋಗಳು ಅದರೊಳಗೆ ಮಿಂಚಿದವು. ಅದರ ನಂತರದ ಸೂಪರ್ ಕಮಿಯೊಕಾಂಡೆಯಲ್ಲಿ 50,000 ಟನ್ ನೀರು. ಕೋಲಾರದಲ್ಲಿ ಸಿಕ್ಕಂಥ ವಾತಾವರಣದ ನ್ಯೂಟ್ರಿನೋಗಳೇ ದಾರಿಯಲ್ಲಿ ವೇಷ ಬದಲಿಸುತ್ತವೆಂದು ಅದು 1998ರಲ್ಲಿ ತೋರಿಸಿತು. ವೇಷ ಬದಲಿಸಬೇಕಾದರೆ ತೂಕ ಇರಲೇಬೇಕು. ತೂಕವೇ ಇಲ್ಲ ಎಂದಿದ್ದ ಸಿದ್ಧಾಂತ ಅಲ್ಲಾಡಿತು. 2015ರ ನೊಬೆಲ್ ತಕಾಕಿ ಕಜಿತ ಮತ್ತು ಆರ್ಥರ್ ಮೆಕ್‌ಡೊನಾಲ್ಡ್ ಅವರ ಪಾಲಾಯಿತು.

ಈಗ ಉಳಿದಿರುವ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಮಹಾಸ್ಫೋಟದಲ್ಲಿ ದ್ರವ್ಯ, ಪ್ರತಿದ್ರವ್ಯ ಸಮಸಮ ಹುಟ್ಟಿ ಒಂದನ್ನೊಂದು ಅಳಿಸಿಹಾಕಬೇಕಿತ್ತಲ್ಲ, ಹಾಗಾದರೆ ನಾವು ಹೇಗೆ ಉಳಿದೆವು? ನ್ಯೂಟ್ರಿನೋಗೂ ಅದರ ಪ್ರತಿಕಣಕ್ಕೂ ನಡತೆಯಲ್ಲಿ ವ್ಯತ್ಯಾಸವಿದ್ದರೆ ಆ ಬೀಗದ ಕೀಲಿ ಸಿಗಬಹುದು. ಜಪಾನ್, ಅಮೆರಿಕಗಳಲ್ಲಿ ಅದಕ್ಕಾಗಿ ದೈತ್ಯ ಪ್ರಯೋಗಗಳು ನೆಲದಾಳದಲ್ಲೇ ಸಿದ್ಧವಾಗುತ್ತಿವೆ.

ಕೋಲಾರದ ಪ್ರಯೋಗಾಲಯ 1990ರ ದಶಕದಲ್ಲಿ ಮುಚ್ಚಿತು. ಗಣಿ 2001ರ ಫೆಬ್ರವರಿ 28ಕ್ಕೆ ನಿಂತಿತು. ಕೋಲಾರ ಜಿಲ್ಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ತರಗತಿಯಲ್ಲಿ ಚಿನ್ನದ ಕತೆ ಹೇಳುವ ದಿನ ದಯವಿಟ್ಟು ಈ ಕತೆಯನ್ನೂ ಹೇಳಿ.